ಕೆಂಪು ದಾರ ಕಟ್ಟಿದ ಜೋಡಿ

ಉಸ್ತಾದ್ ಹಿಕ್ಮತ್ ಕಣ್ಣು ಮುಚ್ಚಿ ತೋರುಬೆರಳು ಎತ್ತಿದರೆಂದರೆ ಅಬೂ ತಮೀಮನ ಅಂಗಡಿಯಲ್ಲಿ ಕಾಫಿ ಬಟ್ಟಲು ಕೆಳಗಿಡುತ್ತಿದ್ದವರೂ ಕೈ ತಡೆಯುತ್ತಿದ್ದರು. ಜುದೈದ ಮೊಹಲ್ಲೆಯ ಆ ವಾದ್ಯದ ಅಂಗಡಿಗೆ ಗುರುವಾರ ಮಧ್ಯಾಹ್ನ ಬಂದು ಕೂರುವವರಲ್ಲಿ ಹಾಡುವವರು ಕಡಿಮೆ, ನುಡಿಸುವವರು ಇನ್ನೂ ಕಡಿಮೆ. ಹೆಚ್ಚಿನವರು ಬರೀ ಕೇಳುವವರು. ಅಲೆಪ್ಪೊದಲ್ಲಿ ಕೇಳುವುದೂ ಒಂದು ವಿದ್ಯೆ. ಕೈರೋದಲ್ಲಿ ಹೆಸರು ಮಾಡಿದ ಗಾಯಕರೂ ಇಲ್ಲಿಯ ಕೇಳುಗರ ಮುಂದೆ ಕೂತಾಗ ಮತ್ತೆ ಮತ್ತೆ ಗಂಟಲು ಸರಿಮಾಡಿಕೊಳ್ಳುತ್ತಾರೆ. ಅಂಥ ಕೇಳುಗರೆಲ್ಲ ತಲೆಬಾಗುತ್ತಿದ್ದುದು ಹಿಕ್ಮತರ ಕಿವಿಗೆ. ಯೌವನದಿಂದ ಖಾನೂನ್ ಮೀಟುತ್ತ ಬಂದವರು. ಮಡಿಲ ಮೇಲಿಟ್ಟ ಆ ವಾದ್ಯದ ಎಪ್ಪತ್ತು ಚಿಲ್ಲರೆ ತಂತಿಗಳಲ್ಲಿ ಯಾವುದು ಕೂದಲೆಳೆಯಷ್ಟು ಸಡಿಲವಾಗಿದೆ ಎಂಬುದನ್ನು ಪಕ್ಕದ ಕೋಣೆಯಿಂದಲೇ ಹೇಳುತ್ತಾರೆಂದು ಊರು ಮಾತಾಡುತ್ತಿತ್ತು.

ಈಗ ಅವರು ಕೇಳುತ್ತಿದ್ದುದು ಖಾನೂನನ್ನಲ್ಲ. ಮೇಜಿನ ಮೇಲೆ ಮುಚ್ಚಳ ತೆರೆದು ತಂತಿಗಳನ್ನೆಲ್ಲ ಹೊರಚಾಚಿ ಕೂತಿದ್ದ ಕೀಲಿಮಣೆಯ ಪೆಟ್ಟಿಗೆಯನ್ನು. ಅದನ್ನು ಮಾಡಿದವನು ಅವರ ತಂಗಿಯ ಮಗ ರಗೀದ್. ಡ್ರೆಸ್ಡೆನ್ನಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ ಬಂದ ಇಂಜಿನಿಯರು.

ಪೆಟ್ಟಿಗೆ ಅಬೂ ತಮೀಮನ ಕನಸು. ಯೂರೋಪಿನ ಆರ್ಗನ್ನುಗಳು ಮದುವೆ ಮನೆಗಳಿಗೆ ಆಗಲೇ ನುಗ್ಗಿದ್ದವು. ಆದರೆ ಅವುಗಳಲ್ಲಿ ಸೀಕಾಹ್ ಇರಲಿಲ್ಲ. ಕೀಲಿಮಣೆಯ ಬಿಳಿ ಮನೆಗೂ ಕರಿ ಮನೆಗೂ ನಡುವೆ ಎಲ್ಲೋ ಕೂತಿರುವ ಸ್ವರ ಅದು. ಅದಿಲ್ಲದೆ ನಮ್ಮಲ್ಲಿ ಹಾಡಿಲ್ಲ. ಆ ನಡುವಿನ ಜಾಗ ಎಲ್ಲಿ ಎಂದು ಕೇಳಿದರೆ ಕೈರೋದವರು ಒಂದು ಕಡೆ ಬೆರಳಿಡುತ್ತಾರೆ, ನಾವು ಚೂರು ಮೇಲಿಡುತ್ತೇವೆ. ಪುಸ್ತಕ ನೋಡಿ ಇಡುವ ಜಾಗವಲ್ಲ ಅದು, ಕಿವಿ ಇಡಬೇಕು. ಆದ್ದರಿಂದಲೇ ಪ್ರತಿಯೊಂದು ಮನೆಯ ಹಿಂದೆಯೂ ರಗೀದ್ ಒಂದೊಂದು ಸಣ್ಣ ತಿರುಪು ಇಟ್ಟಿದ್ದ. ತಿರುಪನ್ನು ಮಾವ ತಿರುಗಿಸಬೇಕು, ಅವರ ಕಿವಿ ಒಪ್ಪಿದಲ್ಲಿ ನಿಲ್ಲಿಸಬೇಕು. ಪೆಟ್ಟಿಗೆಯ ಮೇಲೆ ಹಿತ್ತಾಳೆ ಫಲಕದಲ್ಲಿ ‘ಶ್ರುತಿ: ಉಸ್ತಾದ್ ಹಿಕ್ಮತ್’ ಎಂದು ಕೊರೆಸಲು ಅಬೂ ತಮೀಮ್ ಆಗಲೇ ಅಕ್ಕಸಾಲಿಗನಿಗೆ ಹೇಳಿಟ್ಟಿದ್ದ.

ಒಳಗಿನ ಕೆಲಸ ಹೇಳಲಿಕ್ಕೆ ಸರಳ. ಮನೆ ಒತ್ತಿದರೆ ಒಂದು ವೋಲ್ಟೇಜ್ ಹೊರಡುತ್ತದೆ. ಅದಕ್ಕೆ ತಕ್ಕಷ್ಟು ಕರೆಂಟು ಒಂದು ಪುಟ್ಟ ಕೆಪಾಸಿಟರನ್ನು ತುಂಬುತ್ತದೆ. ತುಂಬಿದ ಕೂಡಲೇ ಅದು ಬರಿದಾಗಿ ಮತ್ತೆ ತುಂಬತೊಡಗುತ್ತದೆ. ಎಷ್ಟು ಬೇಗ ತುಂಬಿ ಬರಿದಾಗುತ್ತದೋ ಸ್ವರ ಅಷ್ಟು ಮೇಲೆ. ಒಂದು ವೋಲ್ಟ್ ಏರಿದರೆ ಒಂದು ಸ್ಥಾಯಿ ಏರಬೇಕು, ಅಂದರೆ ಕಂಪನ ಸರಿಯಾಗಿ ಎರಡರಷ್ಟಾಗಬೇಕು. ಕೂಡುವ ಲೆಕ್ಕವನ್ನು ಹೀಗೆ ಗುಣಿಸುವ ಲೆಕ್ಕವಾಗಿ ತಿರುಗಿಸುವುದು ಟ್ರಾನ್ಸಿಸ್ಟರಿನ ಹುಟ್ಟುಗುಣ. ಶಾಖ ತಗುಲಿದರೆ ದಾರಿ ತಪ್ಪುವುದೂ ಅದರ ಹುಟ್ಟುಗುಣವೇ. ಅದಕ್ಕೆಂದು ಎರಡು ಟ್ರಾನ್ಸಿಸ್ಟರುಗಳನ್ನು ಮೈಗೆ ಮೈ ಅಂಟಿಸಿ ಇಡುತ್ತಾರೆ. ಶಾಖದಲ್ಲಿ ಒಂದು ಎಷ್ಟು ತಪ್ಪುತ್ತದೋ ಇನ್ನೊಂದೂ ಅಷ್ಟೇ ತಪ್ಪಿ, ಒಂದರ ತಪ್ಪನ್ನು ಇನ್ನೊಂದು ಹೊತ್ತು ಕಳೆಯುತ್ತದೆ. ಹಾಗಾಗಬೇಕಾದರೆ ಎರಡೂ ಅವಳಿಗಳಂತಿರಬೇಕು. ಮೊದಲು ಅಂಥ ಜೋಡಿಗಳು ಬೈರೂತಿನಿಂದ ಸಿದ್ಧವಾಗಿ ಬರುತ್ತಿದ್ದವು. ಅಲ್ಲಿ ಯುದ್ಧ ಶುರುವಾದ ಮೇಲೆ ಅದು ನಿಂತುಹೋಯಿತು. ಈಗ ಒಳಕೋಣೆಯಲ್ಲಿ ಅರಾಕ್ಸಿ ಕೂತು, ರಾಶಿಯಿಂದ ಒಂದೊಂದನ್ನೇ ಅಳೆದು ಅವಳಿ ಹುಡುಕುತ್ತಿದ್ದಳು.

ಅರಾಕ್ಸಿ ಅರ್ಮೇನಿಯನ್ನರ ಮೊಹಲ್ಲೆಯವಳು. ಮಾತು ಕಡಿಮೆ. ಟ್ರಾನ್ಸಿಸ್ಟರನ್ನು ಬೆರಳಿಂದ ಮುಟ್ಟಿದರೆ ಬೆರಳಿನ ಶಾಖಕ್ಕೇ ಅಳತೆ ಕೆಡುತ್ತದೆಂದು ಮರದ ಚಿಮಟದಲ್ಲಿ ಹಿಡಿಯುತ್ತಿದ್ದಳು; ಸಿಕ್ಕಿಸಿದ ಮೇಲೆ ಉಸಿರೂ ತಾಗದಂತೆ ಮುಖ ತಿರುಗಿಸಿ ಕಾಯುತ್ತಿದ್ದಳು. ಜೋಡಿ ಸಿಕ್ಕಿತೆಂದರೆ ಎರಡನ್ನೂ ಕಸೂತಿಯ ಕೆಂಪು ದಾರದಲ್ಲಿ ಸುತ್ತಿ ಗಂಟು ಹಾಕುತ್ತಿದ್ದಳು. ದಾರ ಅವಳ ತಾಯಿಯದು.

“ಇಳೀತು,” ಎಂದರು ಹಿಕ್ಮತ್ ಕಣ್ಣು ತೆರೆಯದೆ. “ನಿನ್ನೆ ನಾನಿಟ್ಟ ಜಾಗದಲ್ಲಿ ಇದಿಲ್ಲ. ಕೆಳಗೆ ಜಾರಿದೆ.”

“ಜಾರಿದೆ, ಜಾರಿದೆ,” ಎಂದ ತಾಮ್ರದ ವ್ಯಾಪಾರಿ ಹಾಜಿ ಝಕ್ಕೂರ್ ತಲೆಯಾಡಿಸುತ್ತ. ಅವನಿಗೆ ಹಾಗೆ ಕೇಳಿಸಿತ್ತೋ ಇಲ್ಲವೋ, ಉಸ್ತಾದರು ಅಂದಮೇಲೆ ಅವನ ಕಿವಿಗೂ ಕೇಳಿಸಿಬಿಡುತ್ತಿತ್ತು.

ಹಿಕ್ಮತ್ ತಿರುಪು ತಿರುಗಿಸಿದರು. ಮೇಲಿನ ಸ್ಥಾಯಿಯ ಮನೆ ಒತ್ತಿ ಅದರ ತಿರುಪನ್ನೂ ತಿರುಗಿಸಿದರು. “ಹಾಂ. ಈಗ ಕೂತ್ಕೊಂತು.”

ರಗೀದ್ ಪೆಟ್ಟಿಗೆಯ ಹಿಂದೆ ನಿಂತಿದ್ದ. ಕಂಪನ ಎಣಿಸುವ ಕೌಂಟರ್ ಅವನ ಕಡೆಗೆ ಮುಖ ಮಾಡಿತ್ತು. ಗಾಜಿನ ಕೊಳವೆಗಳಲ್ಲಿ ಕಿತ್ತಳೆ ಬಣ್ಣದ ಅಂಕಿಗಳು. ಮಾವ ತಿರುಪಿಗೆ ಕೈ ಹಚ್ಚುವ ಮೊದಲು ಅದು ತೋರಿಸಿದ್ದ ಅಂಕಿ ನಿನ್ನೆಯದೇ. ಚೂರೂ ಜಾರಿರಲಿಲ್ಲ. ಈಗ ಜಾರಿತ್ತು, ಮೇಲಕ್ಕೆ. ಕೆಳಗಿನ ಸ್ವರ ನಾನೂರ ನಲವತ್ತು ಇದ್ದರೆ ಮೇಲಿನದು ಎಂಟುನೂರ ಎಂಬತ್ತು ಇರಬೇಕು. ಅಲ್ಲಿ ಎಂಟುನೂರ ತೊಂಬತ್ತಮೂರು ಉರಿಯುತ್ತಿತ್ತು.

ಸೀಕಾಹ್ ಬಗ್ಗೆ ವಾದ ಮಾಡಬಹುದು. ಅದು ಊರಿನ ರುಚಿ, ಮನೆತನದ ರುಚಿ. ಸ್ಥಾಯಿಯ ಬಗ್ಗೆ ವಾದವಿಲ್ಲ. ಎರಡರಷ್ಟು ಎಂದರೆ ಎರಡರಷ್ಟೇ. ಅದನ್ನು ತಪ್ಪಿದ ಕಿವಿ ತಪ್ಪಿದ ಕಿವಿ.

ಎರಡು ವಾರಗಳಿಂದ ರಗೀದನಿಗೆ ಈ ಅನುಮಾನವಿತ್ತು. ಇವತ್ತು ಅದು ಅಂಕಿಯಾಗಿ ಕಣ್ಣೆದುರು ಉರಿಯಿತು.

“ಏನಪ್ಪಾ ಇಂಜಿನಿಯರೇ,” ಎಂದ ಅಬೂ ತಮೀಮ್. ಹೊಟ್ಟೆಯ ಮೇಲೆ ಕೈ ಕಟ್ಟಿ ನಿಂತಿದ್ದ. “ಉಸ್ತಾದ್ರು ದಿನಾ ಕೂರಿಸ್ತಾರೆ, ನಿನ್ನ ಪೆಟ್ಟಿಗೆ ದಿನಾ ಎದ್ದು ಓಡುತ್ತೆ. ಇದನ್ನ ಮದುವೆ ಮನೆಗೆ ಕಳಿಸಿದ್ರೆ ಮದುಮಗಳೂ ಎದ್ದು ಓಡ್ತಾಳೆ. ಏನು ಕಾಯಿಲೆ ಇದಕ್ಕೆ?”

ಎಲ್ಲರೂ ನಕ್ಕರು. ಹಿಕ್ಮತ್ ನಗಲಿಲ್ಲ, ಸೋದರಳಿಯನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಏನೋ ಬೇಡಿಕೆಯಿತ್ತೆಂದು ರಗೀದನಿಗೆ ಆಗ ಅನ್ನಿಸಿತೋ, ಆಮೇಲೆ ತನ್ನ ಸಮಾಧಾನಕ್ಕೆ ಹಾಗೆ ಅಂದುಕೊಂಡನೋ, ಅವನಿಗೇ ಗೊತ್ತಿಲ್ಲ. ಅವನ ಕೈ ಕೌಂಟರಿನ ಸ್ವಿಚ್ಚಿನ ಮೇಲೆ ಹೋಯಿತು. ಅಂಕಿಗಳು ಆರಿದವು.

“ಶಾಖ,” ಎಂದ. “ಶಾಖಕ್ಕೆ ಜಾರ್ತಿದೆ. ಟ್ರಾನ್ಸಿಸ್ಟರ್ ಜೋಡಿ ಸರಿಯಾಗಿ ಹೊಂದಿಲ್ಲ.”

ಅವನು ಯಾರ ಹೆಸರನ್ನೂ ಹೇಳಲಿಲ್ಲ. ನಾಲಿಗೆಗೆ ಮೊದಲು ಸಿಕ್ಕಿದ ಕಾರಣ ಅದು, ಅಷ್ಟೆ. ಇಂಜಿನಿಯರುಗಳು ನೂರು ಸಲ ಹೇಳುವ ಕಾರಣ.

“ಜೋಡಿ ಮಾಡಿದ್ಯಾರು?” ಎಂದು ಅಬೂ ತಮೀಮ್ ಕೇಳಿದ. ಉತ್ತರ ಅವನಿಗೇ ಗೊತ್ತಿತ್ತು. ಆ ಅಂಗಡಿಯಲ್ಲಿ ಜೋಡಿ ಮಾಡುತ್ತಿದ್ದುದು ಒಬ್ಬಳೇ.

ರಗೀದ್ ಅಲ್ಲ ಅನ್ನಬಹುದಿತ್ತು, ಕೆಪಾಸಿಟರ್ ಅನ್ನಬಹುದಿತ್ತು, ನನ್ನ ಲೆಕ್ಕವೇ ತಪ್ಪಿದೆ ಅನ್ನಬಹುದಿತ್ತು. ಒಂದು ಉಸಿರಿನಷ್ಟು ಹೊತ್ತು ಸಾಕಾಗಿತ್ತು. ಅವನು ಆ ಉಸಿರನ್ನು ಒಳಗೇ ಇಟ್ಟುಕೊಂಡ.

ಒಳಕೋಣೆಗೂ ಅಂಗಡಿಗೂ ನಡುವೆ ಮಣಿಗಳ ಪರದೆ ಮಾತ್ರ. ಅದರಾಚೆ ಚಿಮಟವನ್ನು ಮೇಜಿನ ಮೇಲಿಟ್ಟ ಸದ್ದು ಕೇಳಿಸಿತು.

“ಕೈಕೆಲಸ ಅಂದ್ರೆ ಅರ್ಮೇನಿಯನ್ನರು ಅಂತ ನಂಬಿ ಇಟ್ಕೊಂಡೆ,” ಎಂದ ಅಬೂ ತಮೀಮ್, ಪರದೆಯಾಚೆಗೂ ಕೇಳುವ ಹಾಗೆ. “ಹೋಗ್ಲಿ ಬಿಡಿ. ಕಾಫಿ ತಗೊಳ್ಳಿ ಉಸ್ತಾದ್.”

ಶನಿವಾರ ರಗೀದ್ ಅಂಗಡಿಗೆ ಬಂದಾಗ ಒಳಕೋಣೆಯ ಮೇಜು ಒರೆಸಿಟ್ಟಂತಿತ್ತು. ಮರದ ಚಿಮಟ ಇರಲಿಲ್ಲ. ಅದು ಅವಳದೇ ಆಗಿತ್ತು.

“ಕಳಿಸ್ಬಿಟ್ಟೆ,” ಎಂದ ಅಬೂ ತಮೀಮ್. “ತುಟಿ ಪಿಟಕ್ ಅನ್ಲಿಲ್ಲ ಆಕೆ. ತಪ್ಪಿಲ್ದೆ ಇದ್ರೆ ಜಗಳ ಆಡ್ತಿರ್ಲಿಲ್ವಾ ಹೇಳು?”

ರಗೀದ್ “ಹೂಂ” ಎಂದ.

ಆ ಹೂಂ ಅವನನ್ನು ಮನೆಯವರೆಗೂ ಹಿಂಬಾಲಿಸಿತು. ಊಟಕ್ಕೆ ಕೂತಾಗ ತಾಯಿ ಚೆರ್ರಿ ಹಾಕಿದ ಕಬಾಬ್ ಬಡಿಸಿದರು, ಅವನು ರೊಟ್ಟಿ ಹರಿಯುತ್ತ ಕೂತ. “ನಿನ್ನ ಮಾವ ಬಂದಿದ್ರು. ಪೆಟ್ಟಿಗೆ ಸ್ವಲ್ಪ ಜಾರುತ್ತೆ, ಆದ್ರೆ ರಗೀದ್ ಅದರ ಕಾಯಿಲೆ ಕಂಡುಹಿಡಿದ ಅಂತ ಎಷ್ಟು ಹೆಮ್ಮೆಯಿಂದ ಹೇಳಿದ್ರು ಗೊತ್ತಾ?” ಎಂದರು ತಾಯಿ.

ಸುಳ್ಳಿಗೆ ಒಂದು ಮುಂದುವರಿಕೆ ಬೇಕಿತ್ತು. ಜೋಡಿ ಕೆಟ್ಟಿದೆ ಎಂದಮೇಲೆ ಜೋಡಿ ಬದಲಿಸಬೇಕಲ್ಲ. ರಗೀದ್ ಅರಾಕ್ಸಿಯ ಜೋಡಿಯನ್ನು ಪೆಟ್ಟಿಗೆಯಿಂದ ಕಿತ್ತ. ರಾಶಿಯಿಂದ ತಾನೇ ಎರಡನ್ನು ಆರಿಸಿ, ಅವಸರದಲ್ಲಿ ಅಳೆದು ಬೆಸೆದ. ಅವಳಷ್ಟು ಕಾಯುವ ತಾಳ್ಮೆ ಅವನಿಗಿರಲಿಲ್ಲ. ಬೆರಳ ಶಾಖ ಆರುವ ಮೊದಲೇ ಅಂಕಿ ಓದಿದ್ದ. ಮಧ್ಯಾಹ್ನ ಬಿಸಿಲು ಏರಿದಂತೆ ಕೌಂಟರಿನ ಅಂಕಿಗಳು ಒಂದೊಂದಾಗಿ ತೆವಳತೊಡಗಿದವು. ಈಗ ಪೆಟ್ಟಿಗೆ ನಿಜವಾಗಿಯೂ ಜಾರುತ್ತಿತ್ತು. ಅವನ ಸುಳ್ಳು ತಾನಾಗಿಯೇ ನಿಜವಾಗಿತ್ತು.

ಅಂದು ಸಂಜೆ ಹಿಕ್ಮತ್ ಬಂದು ಕೇಳಿದರು. ಬೆರಳೆತ್ತಿದರು. “ಆಹಾ,” ಎಂದರು. “ಈಗ ಕೂತಿದೆ ನೋಡು. ನೀನು ಹೇಳಿದ್ಯಲ್ಲ? ಜೋಡಿಯದೇ ದೋಷ.”



ಕಿತ್ತ ಜೋಡಿಯನ್ನು ರಗೀದ್ ಎಸೆಯಲಾರದೆ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದ. ಮರುದಿನ ಅಬೂ ತಮೀಮ್ ಸರಕು ತರಲು ಹೋದಾಗ ಅವನು ಬಾಗಿಲು ಮುಂದೆ ಮಾಡಿ ಅದನ್ನು ಬೇರೆ ಸರ್ಕ್ಯೂಟ್ ಹಲಗೆಯಲ್ಲಿ ಸಿಕ್ಕಿಸಿದ. ನಿಜ ಹೇಳಬೇಕೆಂದರೆ ಅವನು ಹುಡುಕುತ್ತಿದ್ದುದು ಅವಳ ತಪ್ಪನ್ನು. ಒಂದು ಸಣ್ಣ ತಪ್ಪು ಸಿಕ್ಕರೂ ಸಾಕಿತ್ತು, ಅದಕ್ಕೆ ಒರಗಿಸಿ ತನ್ನ ಸುಳ್ಳನ್ನು ನಿಲ್ಲಿಸಬಹುದಿತ್ತು. ಶರಬತ್ತಿನವನಿಂದ ಮಂಜುಗಡ್ಡೆ ತಂದು ತೆಳುವಾದ ನೈಲಾನ್ ಚೀಲದಲ್ಲಿ ಸುತ್ತಿ ಜೋಡಿಯ ಪಕ್ಕ ಇಟ್ಟ. ಅಂಕಿ ನೋಡಿದ. ಮಂಜು ತೆಗೆದು ಕುದಿಯುವ ಕಾಫಿ ಪಾತ್ರೆಯನ್ನು ಹತ್ತಿರ ತಂದ. ಅಂಕಿ ನೋಡಿದ. ಜಾರು, ಒಂದಾದರೂ ಜಾರು ಎಂದು ಮನಸ್ಸಿನಲ್ಲೇ ಅಂದುಕೊಂಡ. ಕೊನೆಯ ಅಂಕಿ ಒಮ್ಮೆ ಮಿಣುಕಿ ಮತ್ತೆ ತನ್ನ ಜಾಗಕ್ಕೇ ಬಂದು ನಿಂತಿತು. ಕೆಂಪು ದಾರದ ಗಂಟು ಕಾಫಿಯ ಹಬೆಗೆ ಒದ್ದೆಯಾಗಿ ಇನ್ನೂ ಕೆಂಪಾಗಿ ಕಂಡಿತು.

ಡ್ರೆಸ್ಡೆನ್ನಿನಲ್ಲಿ ಅವನ ಪ್ರೊಫೆಸರರು ತನ್ನ ಲೆಕ್ಕಕ್ಕೆ ಒಪ್ಪದ ಅಳತೆಯನ್ನು ಎಸೆಯುವ ವಿದ್ಯಾರ್ಥಿಯನ್ನು ಪ್ರಯೋಗಶಾಲೆಯಿಂದ ಹೊರಗೆ ನಿಲ್ಲಿಸುತ್ತಿದ್ದರು. ರಗೀದ್ ಅಳತೆಯನ್ನು ಎಸೆದಿರಲಿಲ್ಲ. ಸ್ವಿಚ್ ಆರಿಸಿದ್ದ. ಎರಡಕ್ಕೂ ವ್ಯತ್ಯಾಸವೇನು ಎಂದು ಅವನು ಬಹಳ ಹೊತ್ತು ಯೋಚಿಸಿದ, ವ್ಯತ್ಯಾಸ ಸಿಗಲಿಲ್ಲ.

ಅರಾಕ್ಸಿಯನ್ನು ಹುಡುಕಲು ಕಷ್ಟವಾಗಲಿಲ್ಲ. ಅವಳ ಮೊಹಲ್ಲೆಯಲ್ಲಿ ಒಂದು ರೇಡಿಯೋ ರಿಪೇರಿ ಅಂಗಡಿಯ ಹೊರಗೆ, ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಹಳೆಯ ಪೆಟ್ಟಿಗೆಗಳ ಗುಂಡಿ ಒರೆಸುತ್ತಿದ್ದಳು. ಅವನನ್ನು ಕಂಡು ಏಳಲಿಲ್ಲ.

“ಬನ್ನಿ ಇಂಜಿನಿಯರ್ರೇ. ರೇಡಿಯೋ ಕೆಟ್ಟಿದ್ಯಾ?”

“ಇಲ್ಲ... ನಿನಗೆ ಇಲ್ಲಿ ಜೋಡಿಸೋ ಕೆಲಸ ಕೊಟ್ಟಿಲ್ವಾ?”

“ಧೂಳು ಒರೆಸೋ ಕೆಲಸ ಕೊಟ್ಟಿದ್ದಾರೆ. ಸೋಲ್ಡರ್ ಮುಟ್ಟಬೇಡ ಅಂದಿದ್ದಾರೆ.” ಗುಂಡಿಯೊಂದನ್ನು ಬೆಳಕಿಗೆ ಹಿಡಿದು ನೋಡಿದಳು. “ಜುದೈದದಲ್ಲಿ ಕೆಮ್ಮಿದ್ರೆ ಇಲ್ಲಿಗೆ ಕೇಳ್ಸುತ್ತೆ. ಅಬೂ ತಮೀಮ್ ಅಂಗಡೀಲಿ ಜೋಡಿ ಕೆಡಿಸಿದವಳು ಅಂತ ನಾನು ಬರೋಕ್ಕಿಂತ ಮುಂಚೆ ಮಾತು ಬಂದು ಕೂತಿತ್ತು.”

ರಗೀದ್ ಜೇಬಿನಿಂದ ಜೋಡಿಯನ್ನು ತೆಗೆದು ಅಂಗೈಯಲ್ಲಿ ಹಿಡಿದ. ಅವಳು ಅದನ್ನು ನೋಡಿದಳು, ಮುಟ್ಟಲಿಲ್ಲ.

“ಮಂಜಲ್ಲೂ ಇಟ್ಟೆ, ಕಾಫಿ ಪಾತ್ರೆ ಪಕ್ಕಾನೂ ಇಟ್ಟೆ,” ಎಂದ ಅವನು. “ಕದಲ್ಲಿಲ್ಲ.”

“ಗೊತ್ತು.”

“ಆವತ್ತು ಯಾಕೆ ಮಾತಾಡ್ಲಿಲ್ಲ ನೀನು?”

ಅವಳು ಮೊದಲ ಸಲ ಅವನ ಮುಖ ನೋಡಿದಳು. “ನಾನಾ? ನಾನು ಮಾತಾಡ್ಬೇಕಿತ್ತಾ? ಉಸ್ತಾದ್ ಹಿಕ್ಮತ್ ಕಿವಿ ಒಂದು ಕಡೆ, ನನ್ನ ಕೈ ಒಂದು ಕಡೆ ಅಂತ ತಕ್ಕಡಿ ಹಿಡಿದ್ರೆ ಆ ಅಂಗಡೀಲಿ ಯಾರು ಯಾವ ಕಡೆ ನೋಡ್ತಿದ್ರು? ಕೌಂಟರ್ ನಿಮ್ಮ ಮುಂದೆ ಇತ್ತು. ಅದು ಆರಿದ ಸದ್ದು ನನಗೆ ಕೇಳಿಸ್ತು. ಆ ಸ್ವಿಚ್ಚಿಂದು ಗಟ್ಟಿ ಸದ್ದು.”

ಬೀದಿಯಲ್ಲಿ ಪಿಸ್ತಾ ಮಾರುವವನು ಕೂಗುತ್ತ ಹೋದ.

“ಉಸ್ತಾದ್ರ ಕಿವೀನೇ ಅಲ್ವಾ?” ಎಂದಳು ಅವಳು ತಗ್ಗಿದ ದನಿಯಲ್ಲಿ.

“ಹೌದು.”

“ಪಾಪ,” ಎಂದಳು. ಆ ಮಾತಿನಲ್ಲಿ ವ್ಯಂಗ್ಯ ಇರಲಿಲ್ಲ, ಅದನ್ನೇ ರಗೀದನಿಗೆ ತಡೆಯಲಾಗಲಿಲ್ಲ.

“ನಾನು ಅಬೂ ತಮೀಮ್ ಹತ್ರ ಒಬ್ಬನೇ ಮಾತಾಡ್ತೀನಿ. ನಿನ್ನ ಜಾಗ ನಿನಗೆ ವಾಪಸ್ ಕೊಡಿಸ್ತೀನಿ. ಜೋಡಿ ಸರೀನೇ ಇತ್ತು, ತಪ್ಪು ಎಲ್ಲೋ ಬೇರೆ ಕಡೆ ಅಂತ—”

“ಕಿವಿಯಲ್ಲಿ ಹೇಳೋ ಮಾತು ಕಿವೀಲೇ ಉಳಿಯುತ್ತೆ.” ಅವಳು ಬಟ್ಟೆ ಕೊಡವಿ ಇನ್ನೊಂದು ರೇಡಿಯೋ ಎಳೆದುಕೊಂಡಳು. “ಹೇಳೋದಿದ್ರೆ ಎಲ್ಲಿ ಹೇಳಿದ್ರೋ ಅಲ್ಲೇ ಹೇಳಿ. ಗುರುವಾರ, ಅಷ್ಟೂ ಜನರ ಮುಂದೆ. ಆಗಲ್ಲ ಅಂದ್ರೆ ನನ್ನ ಗುಂಡಿ ನಾನು ಒರೆಸ್ತೀನಿ, ಹೋಗಿ.”

ಹೇಳುವುದು ಸುಲಭ. ಗುರುವಾರ ಅಷ್ಟೂ ಜನರ ಮುಂದೆ ಎಂದರೆ ಮಾವನ ಮುಂದೆ. ಮಾವನನ್ನು ಮಾವನನ್ನಾಗಿ ಮಾಡಿದ್ದ ಏಕೈಕ ವಸ್ತುವಾದ ಆ ಕಿವಿಯನ್ನು ಎಲ್ಲರ ಕಾಲ ಬಳಿ ಹಾಕುವುದು. ರಗೀದನಿಗೆ ಸ್ಕೂಲಿನ ದಿನಗಳಲ್ಲಿ ಒಂದು ತಂತಿ ಮೀಟಿ, “ಇದು ಅಳ್ತಾ ಇದ್ಯೋ ನಗ್ತಾ ಇದ್ಯೋ ಹೇಳೋ” ಎಂದು ಕೇಳುತ್ತಿದ್ದವರು ಅವರು. ಸದ್ದಿನ ಹುಚ್ಚು ಹಿಡಿಸಿದವರು. ಡ್ರೆಸ್ಡೆನ್ನಿಗೆ ಕಳುಹಿಸಲು ಅಪ್ಪನನ್ನು ಒಪ್ಪಿಸಿದವರೂ ಅವರೇ.

ಬುಧವಾರ ಮಧ್ಯಾಹ್ನ ಅವನು ಬಾಬ್ ಕಿನ್ನಸ್ರೀನ್ ಬಳಿಯ ಅವರ ಮನೆಗೆ ಹೋದ. ಕೈಯಲ್ಲಿ ಚಿಕ್ಕ ಪೆಟ್ಟಿಗೆ: ಸ್ವರ ಹುಟ್ಟಿಸುವ ಒಂದೇ ಒಂದು ಆಸಿಲೇಟರ್, ಒಂದು ಇಯರ್‌ಫೋನು. ಅರಾಕ್ಸಿಯ ಜೋಡಿ ಅದರೊಳಗಿತ್ತು. ಅಂಗಳದ ಕಾರಂಜಿಯ ಬಳಿ ಹಿಕ್ಮತ್ ಖಾನೂನ್ ಶ್ರುತಿ ಮಾಡುತ್ತಿದ್ದರು. ರಗೀದ್ ಬಾಗಿಲಲ್ಲೇ ನಿಂತು ನೋಡಿದ. ಅವರು ಎಡಗಿವಿಯನ್ನು ಬಹುತೇಕ ತಂತಿಗಳ ಮೇಲೆಯೇ ಇಟ್ಟಿದ್ದರು. ಹೀಗೆ ಬಾಗಿ ಶ್ರುತಿ ಮಾಡುವುದನ್ನು ಅವನು ಎಂದೂ ಕಂಡಿರಲಿಲ್ಲ. ಅಂಗಡಿಯಲ್ಲಿ ಸ್ಪೀಕರು ಅವರ ಬಲಕ್ಕೆ, ಗೋಡೆಗೆ ಒರಗಿ ಇರುತ್ತಿತ್ತು.

“ಬಾರೋ. ಏನದು, ಹೊಸ ಆಟಿಕೆ?”

“ಮಾವಾ, ಒಂದು ಸ್ವರ ಕೇಳಿ ಹೇಳ್ತೀರಾ?”

ಇಯರ್‌ಫೋನನ್ನು ಅವರ ಎಡಗಿವಿಗೆ ಇಟ್ಟ. ಅವರು ಕಣ್ಣು ಮುಚ್ಚಿದರು. “ಚೆನ್ನಾಗಿದೆ. ತೆಳ್ಳಗಿದೆ, ಆದ್ರೆ ಜಾಗದಲ್ಲಿದೆ.” ಅವನು ಅದನ್ನು ಬಲಗಿವಿಗೆ ಇಟ್ಟ.

“ಈಗ ಇಳಿಸಿದೆ.”

“ಇಲ್ಲ ಮಾವಾ.”

“ಮೋಸ ಮಾಡ್ಬೇಡ್ವೋ. ತಿರುಪು ಮುಟ್ಟಿದೆ ನೀನು.”

ರಗೀದ್ ಎರಡೂ ಕೈಗಳನ್ನು ಎತ್ತಿ ತೋರಿಸಿದ. ಹಿಕ್ಮತ್ ತಾವೇ ಇಯರ್‌ಫೋನು ಕಿತ್ತು ಎಡಕ್ಕೆ ಇಟ್ಟುಕೊಂಡರು, ಬಲಕ್ಕೆ, ಮತ್ತೆ ಎಡಕ್ಕೆ. ಕಾರಂಜಿಯ ನೀರು ತನ್ನ ಪಾಡಿಗೆ ಬೀಳುತ್ತಿತ್ತು.

“ಕಳೆದ ರಂಜಾನಿಂದ,” ಎಂದರು ಕೊನೆಗೆ. “ಒಂದು ಬೆಳಿಗ್ಗೆ ಎದ್ದಾಗ ಬಾಂಗ್ ಎರಡು ಥರ ಕೇಳಿಸ್ತು. ಒಂದೊಂದು ಕಿವೀಗೆ ಒಂದೊಂದು ಥರ, ಬಲಗಿವೀಗೆ ದಿನಕ್ಕೊಂದು ಥರ. ನೆಗಡಿ ಅಂದ್ಕೊಂಡೆ. ಆಮೇಲೆ ಏನೂ ಅಂದ್ಕೊಳ್ಳೋದು ಬೇಡ ಅಂದ್ಕೊಂಡೆ.” ಇಯರ್‌ಫೋನಿನ ತಂತಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. “ನಿನ್ನ ಯಂತ್ರ ಬಂದಾಗ ಒಳ್ಳೇದೇ ಆಯ್ತು ಅನ್ನಿಸ್ತು. ಜಾರೋದು ಅದೇ ಇರ್ಬೇಕು, ಯಂತ್ರ ಅಲ್ವಾ. ತಪ್ಪು ಹೊತ್ಕೊಳ್ಳೋಕೆ ಅದಕ್ಕೇನು ನಾಚಿಕೆ?”

“ಮಾವಾ, ಯಂತ್ರ ಜಾರಿರ್ಲಿಲ್ಲ. ನನಗೆ ಆವತ್ತೇ ಗೊತ್ತಿತ್ತು.”

“ಗೊತ್ತಿದ್ದೂ ಜೋಡಿ ಅಂದೆ.”

“ಅಂದೆ.”

“ಆ ಹುಡುಗಿ ಎಲ್ಲಿ? ಪರದೆ ಹಿಂದೆ ಕೂರೋಳು. ನಾಲ್ಕೈದು ದಿನದಿಂದ ಆಕೆ ಕೆಮ್ಮೂ ಕೇಳ್ಸಿಲ್ಲ.”

ರಗೀದ್ ಹೇಳಿದ. ಒರೆಸಿಟ್ಟ ಮೇಜು, ರೇಡಿಯೋ ಅಂಗಡಿಯ ನೆರಳು, ಮುಟ್ಟಬಾರದ ಸೋಲ್ಡರು, ಎಲ್ಲವನ್ನೂ. ಹೇಳುತ್ತ ಹೋದಂತೆ ಮಾವನ ಮುಖ ಗಟ್ಟಿಯಾಗುತ್ತ ಹೋಯಿತು.

“ನಾನು ನನ್ನ ತಪ್ಪನ್ನ ಒಂದು ಪೆಟ್ಟಿಗೆ ಮೇಲೆ ಹಾಕಿದೆ,” ಎಂದರು ಹಿಕ್ಮತ್. “ನೀನು ಅದನ್ನ ಎತ್ತಿ ಯಾರ ಮೇಲೆ ಹಾಕಿದೆ ನೋಡು.”

“ನಿಮ್ಮ ಮರ್ಯಾದೆ ಉಳಿಸೋಣ ಅಂತ—”

“ನನ್ನ ಹೆಸರು ಎತ್ಬೇಡ.” ದನಿ ಏರಲಿಲ್ಲ. “ನನ್ನ ಕೇಳಿ ಉಳಿಸಿದ್ಯಾ? ಅಷ್ಟು ಜನ ನಿನ್ನ ಮುಖ ನೋಡ್ತಿದ್ರು, ನಿನಗೆ ಹೆದರಿಕೆ ಆಯ್ತು. ಅದಕ್ಕೆ ಪ್ರೀತಿ ಅಂತ ಹೆಸರಿಟ್ಕೊಂಡೆ.”

ಇಷ್ಟು ದಿನ ರಗೀದ್ ತನಗೆ ತಾನೇ ಹೇಳಿಕೊಳ್ಳುತ್ತ ಬಂದ ಒಳ್ಳೆಯ ಕಾರಣ ಅಂಗಳದ ಕಲ್ಲುಹಾಸಿನ ಮೇಲೆ ಬಿದ್ದಿತ್ತು. ಬಾಗಿ ಎತ್ತಿಕೊಳ್ಳಲು ಅದರಲ್ಲಿ ಏನೂ ಉಳಿದಿರಲಿಲ್ಲ.

“ನಾಳೆ ನೀನು ಹೇಳು,” ಎಂದರು ಹಿಕ್ಮತ್. “ನಾನು ಅಲ್ಲೇ ಕೂತಿರ್ತೀನಿ.”

ಗುರುವಾರ ಅಂಗಡಿ ತುಂಬಿತ್ತು. ರಗೀದ್ ಕೌಂಟರನ್ನು ಎತ್ತಿ, ಅದರ ಮುಖವನ್ನು ಜನರ ಕಡೆ ತಿರುಗಿಸಿಟ್ಟ. ಅರಾಕ್ಸಿಯ ಜೋಡಿಯನ್ನು ಆ ಬೆಳಿಗ್ಗೆಯೇ ಪೆಟ್ಟಿಗೆಗೆ ಮತ್ತೆ ಬೆಸೆದಿದ್ದ. ದಾರ ಬಿಚ್ಚಿರಲಿಲ್ಲ.

“ಎಲ್ಲರೂ ಸ್ವಲ್ಪ ಕೇಳಿ,” ಎಂದ. “ಆವತ್ತು ಜೋಡಿ ಕೆಟ್ಟಿದೆ ಅಂತ ನಾನು ಹೇಳಿದ್ದು ಸುಳ್ಳು. ಜೋಡಿ ಸರಿಯಾಗಿತ್ತು. ಪೆಟ್ಟಿಗೆ ಜಾರಿರ್ಲಿಲ್ಲ. ಕೌಂಟರ್‌ನಲ್ಲಿ ಕಾಣ್ತಾ ಇತ್ತು, ನಾನೇ ಆರಿಸಿದೆ. ಅರಾಕ್ಸಿ ಕೆಲಸದಲ್ಲಿ ಒಂದು ಕೂದಲಷ್ಟೂ ತಪ್ಪಿರ್ಲಿಲ್ಲ.”

ಪೆಟ್ಟಿಗೆ ಜಾರಿರಲಿಲ್ಲ ಎಂದರೆ ಏನು ಜಾರಿತ್ತು ಎಂಬ ಪ್ರಶ್ನೆ ಅಂಗಡಿಯ ನಡುವೆ ಬಂದು ನಿಂತಿತ್ತು. ಅಲೆಪ್ಪೊದ ಅತಿ ಸೂಕ್ಷ್ಮ ಕಿವಿಗಳೆಲ್ಲ ಅಲ್ಲಿ ಕೂತಿದ್ದವು, ಒಂದಕ್ಕೂ ಅದು ಕೇಳಿಸಲಿಲ್ಲ. ಹಾಜಿ ಝಕ್ಕೂರ್ ತನ್ನ ಕಾಫಿಯ ಗಸಿಯನ್ನು ಪರೀಕ್ಷಿಸತೊಡಗಿದ.

“ಅಯ್ಯೋ ಬಿಡಪ್ಪಾ,” ಎಂದ ಅಬೂ ತಮೀಮ್, ನಗು ತಂದುಕೊಂಡು. “ಆಗಸ್ಟ್ ತಿಂಗಳು. ಮನುಷ್ಯರೇ ಕರಗ್ತಾ ಇದ್ದೀವಿ. ಶಾಖ ಅಂದ್ಯಲ್ಲ, ಶಾಖ ಅಂತಾನೇ ಇಟ್ಕೊಳ್ಳೋಣ.”

“ಹೌದು ಹೌದು, ಶಾಖಾನೇ,” ಎಂದ ಹಾಜಿ.

“ಶಾಖ ಅಲ್ಲ,” ಎಂದ ರಗೀದ್.

“ಶಾಖ ಅಂದ್ನಲ್ಲೋ!” ಅಬೂ ತಮೀಮನ ಕಣ್ಣು ಹಿಕ್ಮತರ ಕಡೆ ಹೊರಳಿ ಬಂದಿತು. “ದೊಡ್ಡೋರ ಎದುರಿಗೆ ಎಷ್ಟು ಮಾತಾಡ್ಬೇಕು ಅನ್ನೋದು ಡ್ರೆಸ್ಡೆನ್ನಲ್ಲಿ ಕಲಿಸ್ಲಿಲ್ವಾ?”

ಆಗ ಹಿಕ್ಮತ್ ಎದ್ದರು. ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು ಸ್ಪೀಕರಿನ ಆಚೆ ಬದಿಗೆ ಹೋದರು. ಯಾರೋ ಸಹಾಯಕ್ಕೆ ಎದ್ದರು, ಅವರು ಕೈಯಾಡಿಸಿ ಕೂರಿಸಿದರು. ಎಡಗಿವಿ ಸ್ಪೀಕರಿನ ಕಡೆ ಬರುವಂತೆ ಕುರ್ಚಿ ಇಟ್ಟು ಕೂತರು.

“ಝಕ್ಕೂರ್, ಇನ್ಮೇಲೆ ಗುಟ್ಟು ಹೇಳೋದಿದ್ರೆ ಈ ಕಡೆ ಬಂದು ಹೇಳಪ್ಪ,” ಎಂದರು. “ಆ ಕಡೆ ಕಿವಿ ಸುಳ್ಳು ಹೇಳುತ್ತೆ.” ಮೇಲಿನ ಸ್ಥಾಯಿಯ ಮನೆ ಒತ್ತಿದರು. ಮುಖ ಕಿವುಚಿದರು. “ಥೂ. ಇದನ್ನ ಇಟ್ಟಿದ್ದು ನಾನೇನಾ?” ಕೆಳಗಿನ ಮನೆ ಒತ್ತಿ, ಮತ್ತೆ ಮೇಲಿನದು ಒತ್ತಿ, ತಿರುಪನ್ನು ಉಗುರಿನಷ್ಟು ಉಗುರಿನಷ್ಟಾಗಿ ಹಿಂದಕ್ಕೆ ತಂದರು. ಎಲ್ಲರೂ ಕಿತ್ತಳೆ ಅಂಕಿಗಳನ್ನೇ ನೋಡುತ್ತಿದ್ದರು; ಅವರೊಬ್ಬರು ಕಣ್ಣು ಮುಚ್ಚಿದ್ದರು. ಬೆರಳು ನಿಂತಾಗ ಎಂಟುನೂರ ಎಂಬತ್ತು ಇತ್ತು.

ಯಾರೂ ವಾಹ್ ಅನ್ನಲಿಲ್ಲ. ಅನ್ನಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ.

“ಆ ಫಲಕ ಕೊರೆಸ್ಬೇಡ, ತಮೀಮ್,” ಎಂದರು ಹಿಕ್ಮತ್. “ಆ ಹುಡುಗೀನ ಕರೆಸು.”

ಅರಾಕ್ಸಿ ಬಂದಳು. ಅಬೂ ತಮೀಮ್ ಕ್ಷಮೆ ಕೇಳುವ ಬದಲು ಒಂದು ಪೊಟ್ಟಣ ಪಿಸ್ತಾ ಮಿಠಾಯಿ ಇಟ್ಟ. ಅವಳು ಅದನ್ನು ತಾಯಿಗೆಂದು ಚೀಲಕ್ಕೆ ಹಾಕಿಕೊಂಡಳು. ಹಿಕ್ಮತ್ ಗುರುವಾರಗಳಲ್ಲಿ ಬರುವುದು ಕಡಿಮೆಯಾಯಿತು. ಬಂದಾಗ ಜನ ಮೊದಲಿಗಿಂತ ಹೆಚ್ಚು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಅವರು ಬೆರಳೆತ್ತುವುದಕ್ಕೆ ಮಾತ್ರ ಯಾರೂ ಕಾಯುತ್ತಿರಲಿಲ್ಲ. ಅದನ್ನು ನೋಡಿದಾಗಲೆಲ್ಲ ರಗೀದನಿಗೆ ಊಟ ಸೇರುತ್ತಿರಲಿಲ್ಲ. ಸುಳ್ಳು ಹೇಳಿದ್ದಕ್ಕೆ ಒಂದು ಭಾರ, ನಿಜ ಹೇಳಿದ್ದಕ್ಕೆ ಇನ್ನೊಂದು. ಒಂದು ಇನ್ನೊಂದನ್ನು ಕಳೆಯುತ್ತಿರಲಿಲ್ಲ.

ಅರಾಕ್ಸಿ ಮೊದಲು ಜೋಡಿಗಳನ್ನು ತಟ್ಟೆಯಲ್ಲಿಟ್ಟು ಸುಮ್ಮನೆ ಪರದೆಯಾಚೆ ತಳ್ಳುತ್ತಿದ್ದಳು. ಈಗ ಹಾಗಲ್ಲ. ಗಂಟು ಹಾಕುವ ಮೊದಲು ಮಣಿಪರದೆ ಸರಿಸಿ ಕರೆಯುತ್ತಾಳೆ.

“ಇಂಜಿನಿಯರ್ರೇ, ಬಂದು ಅಳೆದು ನೋಡಿ.”

ಅವನು ಹೋಗುತ್ತಾನೆ. ಮರದ ಚಿಮಟದಲ್ಲಿ ಹಿಡಿದು ಸಿಕ್ಕಿಸುತ್ತಾನೆ, ಉಸಿರು ತಾಗದಂತೆ ಮುಖ ತಿರುಗಿಸಿ, ಶಾಖ ಆರುವವರೆಗೂ ಕಾಯುತ್ತಾನೆ. ಅಂಕಿ ನಿಲ್ಲುತ್ತದೆ. ಅವನು ತಲೆಯಾಡಿಸುತ್ತಾನೆ.

“ತಲೆ ಆಡಿಸಿದ್ರೆ ನನಗೆ ಕೇಳ್ಸಲ್ಲ,” ಎನ್ನುತ್ತಾಳೆ ಅವಳು, ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು. “ಬಾಯಿಬಿಟ್ಟು ಹೇಳಿ.”

“ಸರಿಯಿದೆ.”

“ಹೊರಗಿನವರಿಗೆ?”

“ಸರಿಯಿದೆ!” ಎನ್ನುತ್ತಾನೆ ರಗೀದ್, ಅಂಗಡಿಯ ಬಾಗಿಲ ತನಕ ಕೇಳುವ ಹಾಗೆ. ಆಮೇಲೆ ಅವಳು ಗಂಟು ಬಿಗಿಯುತ್ತಾಳೆ.